ಬಿದ್ದ ಸರ್ವರ್ ಮತ್ತು ವಿಜಯದಶಮಿಯ ಮೊದಲ ಗೆರೆ

ನಿವೃತ್ತಿಯಾದ ಮೇಲೆ ಅಗ್ರಹಾರದ ನಮ್ಮ ಬೀದಿಯಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಅಷ್ಟು ವರ್ಷ ಏನು ಕೆಲಸ ಮಾಡುತ್ತಿದ್ದಿರಿ? ಮೊದಮೊದಲು ಉದ್ದಕ್ಕೆ ವಿವರಿಸುತ್ತಿದ್ದೆ. ಕೇಳಿದವರ ಕಣ್ಣು ಅರ್ಧಕ್ಕೇ ಬೇರೆ ಕಡೆ ಹೋಗುತ್ತಿತ್ತು. ಆಮೇಲೆ "ಬಿದ್ದದ್ದನ್ನು ಎಬ್ಬಿಸುವ ಕೆಲಸ" ಎಂದು ಚುಟುಕಾಗಿ ಹೇಳತೊಡಗಿದೆ. ಅದರ ಫಲವಾಗಿ ಒಂದು ಬೆಳಗ್ಗೆ ಪಕ್ಕದ ಮನೆಯವರು ಮೊಣಕಾಲು ನೋವಿನ ತಮ್ಮ ಅತ್ತೆಯನ್ನು ಕೈಹಿಡಿದು ಕರೆತಂದು ನಮ್ಮ ಜಗಲಿಯ ಮೇಲೆ ಕೂರಿಸಿದರು. ಅಜ್ಜಿಗೆ ಕಾಫಿ ಕೊಟ್ಟು, ನಾನು ಎಬ್ಬಿಸುತ್ತಿದ್ದದ್ದು ಮನುಷ್ಯರನ್ನಲ್ಲ, ಕಂಪ್ಯೂಟರನ್ನು ಎಂದು ಒಪ್ಪಿಸಿ ಕಳಿಸುವಷ್ಟರಲ್ಲಿ ಸಾಕುಸಾಕಾಯಿತು.

ಈ ಬರಹ ಆ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರಿಗೆ. ಬಡ್ತಿಯ ವಿಷಯ ಇದರಲ್ಲಿ ಬರುವುದಿಲ್ಲ. ಬೇಕಾದಾಗ ಅದು ಸಿಗಲಿಲ್ಲ, ಸಿಕ್ಕಾಗ ನನಗೆ ಬೇಕಿರಲಿಲ್ಲ. ಅಲ್ಲಿಗೆ ಆ ಕಥೆ ಮುಗಿಯಿತು.

ನಮ್ಮದು ಮೈಸೂರಿನ ಅಂಚಿನಲ್ಲಿದ್ದ, ಮಗ್ಗದ ಯಂತ್ರಗಳನ್ನು ತಯಾರಿಸುವ ಕಾರ್ಖಾನೆ. ಮುಖ್ಯ ಕಚೇರಿ ಪುಣೆಯಲ್ಲಿತ್ತು. ಯಂತ್ರಗಳ ವಿನ್ಯಾಸ ಮಾತ್ರ ಇಲ್ಲಿಯ ಡಿಸೈನ್ ಹಾಲ್‌ನಲ್ಲೇ ಆಗುತ್ತಿತ್ತು. ಇಲವಾಲದಾಚೆಯ ಹಳ್ಳಿಯ ಬೇಸಾಯದ ಮನೆಯಿಂದ ಬಸ್ಸು ಹತ್ತಿ ಪಾಲಿಟೆಕ್ನಿಕ್ ಓದಿದ ನಾನು ಆ ಹಾಲ್‌ನ ಸರ್ವರ್ ಕೋಣೆಗೆ ಸೇರಿದೆ. ಅಲ್ಲಿ ಎಲ್ಲರಿಗೂ ನಾನು ಜಯಮ್ಮ ಮೇಡಂ ಆದೆ. ಮದುವೆ, ಮಕ್ಕಳು, ಮೊಮ್ಮಕ್ಕಳು ಎಲ್ಲ ಆದರೂ ಆ ಕೋಣೆ ಬದಲಾಗಲಿಲ್ಲ.

ಕೆಲಸ ಏನೆಂದು ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂದು ಮಗ್ಗದಲ್ಲಿ ಸಾವಿರಾರು ಬಿಡಿಭಾಗಗಳಿರುತ್ತವೆ. ಈ ಗೇರು ಆ ಶಾಫ್ಟಿನ ಮೇಲೆ ಕೂರಬೇಕು, ಆ ಶಾಫ್ಟು ಇನ್ನೊಂದು ಬೇರಿಂಗಿನೊಳಗೆ ತಿರುಗಬೇಕು. ಶಾಫ್ಟು ಒಂದು ಕೂದಲಿನಷ್ಟು ದಪ್ಪವಾದರೂ ಅದನ್ನು ಮುಟ್ಟುವ ಎಲ್ಲ ಭಾಗಗಳಿಗೂ ಅದು ಗೊತ್ತಾಗಬೇಕು. ಸಾಮಾನ್ಯ ಡೇಟಾಬೇಸ್‌ಗಳು ಮತದಾರರ ಪಟ್ಟಿಯ ಹಾಗೆ ಸಾಲುಸಾಲಾಗಿ ಮಾಹಿತಿ ಇಡುತ್ತವೆ. ಈ ನೆಂಟಸ್ತಿಕೆಗಳನ್ನೆಲ್ಲ ಅದರಲ್ಲಿ ಹುಡುಕಿ ಜೋಡಿಸುವ ಹೊತ್ತಿಗೆ ಡಿಸೈನರ್ ತೂಕಡಿಸುತ್ತಿದ್ದ. ಅದಕ್ಕಾಗಿ ನಮ್ಮಲ್ಲಿ ಆಬ್ಜೆಕ್ಟ್ ಡೇಟಾಬೇಸ್ ತಂದರು. ಅದರಲ್ಲಿ ಗೇರು ಗೇರಾಗಿಯೇ ಇರುತ್ತಿತ್ತು, ತನ್ನ ನೆಂಟರ ವಿಳಾಸವನ್ನು ತಾನೇ ಇಟ್ಟುಕೊಂಡಿರುತ್ತಿತ್ತು.

ಡಿಸೈನರ್ ಒಂದು ಗೇರನ್ನು ಕೇಳಿದರೆ ಸರ್ವರ್ ಅದಿದ್ದ ಇಡೀ ಪುಟವನ್ನೇ ಅವರ ಮೇಜಿನ ಕಂಪ್ಯೂಟರಿಗೆ ಕಳಿಸುತ್ತಿತ್ತು. ಅಕ್ಕಪಕ್ಕದ ಭಾಗಗಳೂ ಜೊತೆಗೇ ಬರುತ್ತಿದ್ದವು. ಅವರು ಅಲ್ಲೇ ಇಟ್ಟುಕೊಂಡು ತಿದ್ದಿ, ಸೇವ್ ಒತ್ತಿದಾಗ ಬದಲಾವಣೆಗಳು ಸರ್ವರಿಗೆ ಮರಳುತ್ತಿದ್ದವು. ಇದರಿಂದ ಕೆಲಸ ಬಹಳ ಚುರುಕಾಯಿತು. ಆದರೆ ಯಾವ ಗಳಿಗೆಯಲ್ಲಿ ನೋಡಿದರೂ ಅಸಲಿ ವಿನ್ಯಾಸ ಒಂದೇ ಕಡೆ ಇರುತ್ತಿರಲಿಲ್ಲ. ಸ್ವಲ್ಪ ಸರ್ವರಿನ ಡಿಸ್ಕಿನಲ್ಲಿ, ಸ್ವಲ್ಪ ಕರೆಂಟು ಇರುವವರೆಗಷ್ಟೇ ಉಳಿಯುವ ಅದರ ನೆನಪಿನಲ್ಲಿ, ಉಳಿದದ್ದು ಮೇಜುಗಳ ಮೇಲಿನ ಕಂಪ್ಯೂಟರುಗಳಲ್ಲಿ ಹರಡಿಕೊಂಡಿರುತ್ತಿತ್ತು. ಆ ಗಳಿಗೆಯಲ್ಲಿ ಕರೆಂಟು ಹೋದರೆ ಏನು ಗತಿ ಎನ್ನುವುದೇ ನನ್ನ ಇಡೀ ವೃತ್ತಿಜೀವನ.

ಅದಕ್ಕಾಗಿ ಸರ್ವರ್ ಪ್ರತಿ ಬದಲಾವಣೆಯನ್ನೂ ಮೊದಲು ಲಾಗ್ ಎಂಬ ದಿನಚರಿಯಂಥ ಕಡತದಲ್ಲಿ ಬರೆದು, ಆಮೇಲೆ ಅದರ ಜಾಗಕ್ಕೆ ಸೇರಿಸುತ್ತದೆ. ಬಿದ್ದು ಏಳುವಾಗ ಲಾಗನ್ನು ಓದುತ್ತದೆ. ಸೇವ್ ಆಗಿದ್ದೂ ಜಾಗ ಸೇರದೆ ಉಳಿದದ್ದನ್ನು ಮತ್ತೆ ಮಾಡುತ್ತದೆ, ಸೇವ್ ಆಗದೆ ಅರ್ಧಕ್ಕೆ ನುಸುಳಿದ್ದನ್ನು ಅಳಿಸುತ್ತದೆ. ಎಷ್ಟು ಹಿಂದಿನಿಂದ ಓದಬೇಕೆಂದು ತಿಳಿಯಲು ನಡುನಡುವೆ ಚೆಕ್‌ಪಾಯಿಂಟ್ ಎಂಬ ಗುರುತು ಹಾಕುತ್ತಿರಬೇಕು. ಗುರುತು ಹತ್ತಿರದಲ್ಲಿದ್ದರೆ ಬೇಗ ಏಳುತ್ತದೆ, ದೂರವಿದ್ದರೆ ಕಾಯಬೇಕು. ಪುಸ್ತಕಗಳಲ್ಲಿ ಇದನ್ನೇ ನೂರಾರು ಪುಟ ಬರೆದಿರುತ್ತಾರೆ.

ನನ್ನ ಮೊದಲ ಮೇಲಧಿಕಾರಿ ರಾಜಶೇಖರಯ್ಯನವರು. ಮಠದ ಹಾಸ್ಟೆಲಿನಲ್ಲಿದ್ದು ಓದಿ ಮೇಲೆ ಬಂದವರು. ಹಣೆಯ ವಿಭೂತಿ ಸಂಜೆಯವರೆಗೂ ಅಳಿಸುತ್ತಿರಲಿಲ್ಲ, ಮಾತೂ ಅಷ್ಟೇ ಗಟ್ಟಿ. ಅವರಿಗೆ ವೇಗದ ಹುಚ್ಚು. ಚೆಕ್‌ಪಾಯಿಂಟ್ ಹಾಕುವಾಗ ಆಗಿನ ಸರ್ವರ್ ಎಲ್ಲರನ್ನೂ ಒಂದು ಗಳಿಗೆ ನಿಲ್ಲಿಸುತ್ತಿತ್ತು. ಡಿಸೈನರ್‌ಗಳ ಕೈಯಲ್ಲಿ ಗೆರೆ ಅರ್ಧಕ್ಕೇ ನಿಲ್ಲುತ್ತಿತ್ತು. ಅವರು ದೂರು ತಂದರೆ ರಾಜಶೇಖರಯ್ಯನವರಿಗೆ ಸ್ವಂತಕ್ಕೆ ಅವಮಾನವಾದಂತೆ ಆಗುತ್ತಿತ್ತು.

ಒಂದು ದಿನ ನನ್ನನ್ನು ಕರೆದು, "ಜಯಮ್ಮ, ಆ ಚೆಕ್‌ಪಾಯಿಂಟ್ ದಿನಕ್ಕೊಂದ್ಸಲ ಸಾಕು ಕಣಮ್ಮ. ಜನ ಉಸಿರಾಡ್ಲಿ" ಎಂದರು.

"ಸರ್, ಬಿದ್ರೆ ಏಳೋದು ಕಷ್ಟವಾಗತ್ತೆ" ಎಂದೆ.

"ಬಿದ್ರೆ ತಾನೆ? ಯಾಕೆ ಬೀಳತ್ತೆ? ಯುಪಿಎಸ್ ಇಲ್ವಾ, ಜನರೇಟರ್ ಇಲ್ವಾ?"

ಈ ಕೆಲಸಕ್ಕೆ ಬರುವ ಪ್ರತಿಯೊಬ್ಬರೂ ಈ ಪ್ರಶ್ನೆಯನ್ನು ಯಾವುದಾದರೂ ಮೇಲಧಿಕಾರಿಯ ಬಾಯಲ್ಲಿ ಕೇಳಿಯೇ ಕೇಳುತ್ತೀರಿ. ನಾನು ಹೊಸಬಳು, ವಾದ ಮಾಡಿ ಸೋತೆ. ಅಲ್ಲಿಂದ ಕೆಲಕಾಲ ಹಾಲ್‌ನಲ್ಲಿ ಯಾರ ಗೆರೆಯೂ ನಿಲ್ಲಲಿಲ್ಲ. ರಾಜಶೇಖರಯ್ಯನವರು ಮೀಸೆ ತಿರುವಿಕೊಂಡು ಓಡಾಡಿದರು.

ಇನ್ನು ಆಯುಧಪೂಜೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಯಂತ್ರಶಾಲೆಯಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಪೂಜೆಯ ದಿನ ಲೇತಿನಲ್ಲಿ ಅರ್ಧ ಕೊರೆದ ತುಂಡನ್ನು ಹಾಗೇ ಬಿಟ್ಟು ಅದಕ್ಕೆ ಅರಿಸಿನ ಕುಂಕುಮ ಹಚ್ಚುತ್ತಿದ್ದರು. ಮುಗಿದ ಕೆಲಸವನ್ನಲ್ಲ, ಕೈಯಲ್ಲಿರುವ ಕೆಲಸವನ್ನು ತಾಯಿಯ ಮುಂದೆ ಇಡಬೇಕು ಎಂಬುದು ಅವರ ನಂಬಿಕೆ. ಮಾರನೆಯ ದಿನ ವಿಜಯದಶಮಿಯ ಬೆಳಗ್ಗೆ ಎಲ್ಲರೂ ಬೇಗ ಬಂದು, ಅದೇ ತುಂಡಿನ ಮೇಲೆ ಒಂದು ಎಳೆ ಕೊರೆದು, ಜಂಬೂಸವಾರಿಗೆ ರಸ್ತೆ ಬಂದ್ ಆಗುವ ಮೊದಲು ಮನೆ ಸೇರುತ್ತಿದ್ದರು. ಆ ಒಂದು ಎಳೆ ಸರಿಯಾಗಿ ಬಂದರೆ ವರ್ಷವಿಡೀ ಕೈ ಓಡುತ್ತದೆ.

ಡಿಸೈನ್ ಹಾಲ್‌ನವರೂ ಇದನ್ನೇ ಎತ್ತಿಕೊಂಡರು. ಅರ್ಧ ಬರೆದ ಚಿತ್ರವನ್ನು ಪರದೆಯ ಮೇಲೆ ತೆರೆದಿಟ್ಟು, ಸೇವ್ ಒತ್ತದೆ, ಕಂಪ್ಯೂಟರಿಗೆ ಕುಂಕುಮ ಇಟ್ಟು ಎದ್ದುಬಿಡುತ್ತಿದ್ದರು. ಮಾರನೆಯ ಬೆಳಗ್ಗೆ ಬಂದು ಒಂದು ಗೆರೆ ಎಳೆದು ಹೊರಡುವುದು ಅವರ ಮೊದಲ ಗೆರೆ. ಆವರೆಗೆ ಪೂಜೆಯ ದಿನ ಸರ್ವರ್ ಕೋಣೆಯನ್ನು ಯಾರೂ ಮುಟ್ಟಿರಲಿಲ್ಲ.

ಆ ವರ್ಷ ಎಲೆಕ್ಟ್ರಿಷಿಯನ್ ತಮ್ಮಯ್ಯನಿಗೆ ನಮ್ಮ ಕೋಣೆಯ ಮೇಲೆ ಕರುಣೆ ಬಂತು. ಕುಂಬಳಕಾಯಿ ಒಡೆದು ಬಂದವನು ಸರ್ವರಿಗೆ ಹಾರ ಹಾಕಿ, ಯುಪಿಎಸ್‌ಗೂ ಕುಂಕುಮ ಹಚ್ಚಿ, ಯಾರನ್ನೂ ಕೇಳದೆ ಎರಡನ್ನೂ ಆರಿಸಿಬಿಟ್ಟ. ಹಾಲ್‌ನ ಕಂಪ್ಯೂಟರುಗಳಿಗೂ ಅದೇ ಯುಪಿಎಸ್ ಆದ್ದರಿಂದ ಅಷ್ಟೂ ಪರದೆಗಳು ಒಟ್ಟಿಗೆ ಕಪ್ಪಾದವು. ನಾನು ಓಡಿ ಬಂದಾಗ ಅವನು ಕೈಮುಗಿದು ನಿಂತಿದ್ದ.

"ಏನ್ ತಮ್ಮಯ್ಯ ಇದು?"

"ವರ್ಸವೆಲ್ಲ ಅಗಲೂ ರಾತ್ರಿ ದುಡೀತದೆ ಕಣವ್ವ. ಒಂದಿನ ಮಲಗ್ಲಿ ಬುಡಿ" ಎಂದ.

ಪೂಜೆ ಮಾಡಿದ ಆಯುಧವನ್ನು ಆ ದಿನ ಮತ್ತೆ ಮುಟ್ಟುವಂತಿಲ್ಲ. ಮಾರನೆಯ ಬೆಳಗ್ಗೆ ಎಲ್ಲರೂ ರೇಷ್ಮೆ ಸೀರೆ, ಹೊಸ ಷರಟು ಹಾಕಿಕೊಂಡು ಮೊದಲ ಗೆರೆಗೆ ಬಂದು ಕುಳಿತರು. ನಾನು ಸರ್ವರ್ ಹಾಕಿದೆ. ಅದು ಲಾಗ್ ಓದತೊಡಗಿತು. ಜನ ಕಾಫಿ ಕುಡಿದರು, ಸರ್ವರ್ ಓದುತ್ತಿತ್ತು. ಕೇಸರಿಬಾತ್ ತಿಂದರು, ಸರ್ವರ್ ಓದುತ್ತಿತ್ತು. ದಿನಕ್ಕೊಂದೇ ಚೆಕ್‌ಪಾಯಿಂಟ್ ಹಾಕಿದ್ದರ ಫಲ ಇದು. ಅದರ ಮೇಲೆ, ಆಗಿನ ನಮ್ಮ ಡೇಟಾಬೇಸ್ ಒಂದು ತೂತಿನ ಅಳತೆ ಬದಲಾದರೂ ಇಡೀ ಪುಟವನ್ನೇ ಲಾಗಿಗೆ ಬರೆಯುತ್ತಿತ್ತು. ಮೊಳೆ ಬದಲಿಸಿದರೆ ಗೋಡೆಯನ್ನೇ ಹೊಸದಾಗಿ ಕಟ್ಟಿದಂತೆ. ಅಷ್ಟನ್ನೂ ಓದಬೇಕಿತ್ತು.

ರಸ್ತೆ ಬಂದ್ ಆಗುವ ಹೊತ್ತಾಯಿತು. ಸಾವಿತ್ರಿ ಎಂಬ ಹಿರಿಯ ಡಿಸೈನರ್ ಅಷ್ಟೂ ಹೊತ್ತು ಕಪ್ಪು ಪರದೆಯ ಮುಂದೆ ಕುಳಿತೇ ಇದ್ದಳು. ಮಗ್ಗದಲ್ಲಿ ತಿರುಗುತ್ತ ಬೇರೆ ಭಾಗಗಳನ್ನು ಏರಿಳಿಸುವ ಕ್ಯಾಮ್‌ಗಳನ್ನು ಅವಳಷ್ಟು ಚೆನ್ನಾಗಿ ಬರೆಯುವವರು ಪುಣೆಯಲ್ಲೂ ಇರಲಿಲ್ಲ. ಕೊನೆಗೆ ಎದ್ದು, ಕಂಪ್ಯೂಟರಿನ ಮೇಲಿದ್ದ ಸೇವಂತಿಗೆಯನ್ನು ಮುಡಿಗೆ ಸಿಕ್ಕಿಸಿಕೊಂಡು, "ಗೆರೆ ಎಳೀದೇ ಹೋಗ್ತಾ ಇದೀನಿ ಜಯಮ್ಮ" ಎಂದಷ್ಟೇ ಹೇಳಿ ಹೊರಟಳು. ಅವಳ ಆ ಮಾತು ನನ್ನ ಎದೆಗೆ ನಾಟಿತು. ಬೈದಿದ್ದರೆ ವಾಪಸ್ ಬೈದು ಹಗುರಾಗುತ್ತಿದ್ದೆ.

ಸರ್ವರ್ ಎದ್ದದ್ದು ಸಂಜೆ, ಸವಾರಿಯ ಆನೆಗಳು ಬನ್ನಿಮಂಟಪ ಮುಟ್ಟಿದ ಮೇಲೆ. ಅರ್ಧ ಬರೆದು ತೆರೆದಿಟ್ಟ ಚಿತ್ರಗಳಾವುವೂ ಉಳಿದಿರಲಿಲ್ಲ. ವಿದೇಶಕ್ಕೆ ಹೋಗಬೇಕಿದ್ದ ಒಂದು ಯಂತ್ರದ ವಿನ್ಯಾಸ ಅದರಿಂದ ತಡವಾಯಿತು, ಸುದ್ದಿ ಪುಣೆ ತಲುಪಿತು.

ಪುಣೆಯಿಂದ ಕಾಳೆ ಸಾಹೇಬರು ಬಂದರು. ಕಂಪನಿಯ ಎಲ್ಲ ಕಂಪ್ಯೂಟರುಗಳೂ ಅವರ ಸುಪರ್ದಿನಲ್ಲಿದ್ದವು. ದನಿ ಎತ್ತಿ ಮಾತಾಡುವವರಲ್ಲ. ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ್ದರ ಸಾರಾಂಶ ಇಷ್ಟು: ಮೈಸೂರಿನಲ್ಲಿ ಸರ್ವರ್ ನೋಡಿಕೊಳ್ಳಲು ಬರುವುದಿಲ್ಲವೆಂದು ಕಾಣುತ್ತದೆ. ಅದನ್ನು ಪುಣೆಗೆ ಒಯ್ಯೋಣ. ಆಗಿನ ದೂರವಾಣಿ ತಂತಿಯ ಮೇಲೆ ಅಷ್ಟು ದೂರದಿಂದ ಚಿತ್ರ ಬರೆಯಲಾಗುವುದಿಲ್ಲವಾದ್ದರಿಂದ ಡಿಸೈನ್ ಹಾಲೂ ಹಿಂದೆಯೇ ಬರಲಿ. ಬರುವವರು ಬರಬಹುದು.

ಬರುವವರು ಬರಬಹುದು ಅಂದರೆ ಬಾರದವರು ಮನೆಗೆ ಹೋಗಬಹುದು ಎಂದು. ಹಾಲ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಜನರಿದ್ದರು. ಬಹುಪಾಲು ಜನ ಇಲ್ಲೇ ಮನೆ ಮಾಡಿಕೊಂಡವರು. ಸಾವಿತ್ರಿಯ ಗಂಡನಿಗೆ ಇಲ್ಲಿಯ ಶಾಲೆಯಲ್ಲಿ ಕೆಲಸ. ನನಗೂ ಪುಣೆಗೆ ಹೋಗುವ ಸ್ಥಿತಿ ಇರಲಿಲ್ಲ.

ಆಗ ರಾಜಶೇಖರಯ್ಯನವರು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಎದ್ದು ನಿಂತು, "ಚೆಕ್‌ಪಾಯಿಂಟ್ ಕಮ್ಮಿ ಮಾಡಿಸಿದವನು ನಾನು. ಜಯಮ್ಮ ಬೇಡ ಅಂದಿದ್ದರು. ತಪ್ಪಿಗೆ ನನ್ನ ಹೆಸರು ಬರಕೊಳ್ಳಿ, ಹಾಲ್ ಮುಚ್ಚಬೇಡಿ" ಎಂದರು. ಹಾಗೆ ನಾಲ್ಕು ಜನರ ಮುಂದೆ ಹೇಳಿದ ಮೇಲಧಿಕಾರಿಯನ್ನು ಆಮೇಲೆ ನಾನು ಕಾಣಲಿಲ್ಲ.

ಕಾಳೆ ಸಾಹೇಬರು, "ಮುಂದಿನ ವಿಜಯದಶಮಿಗೆ ನಾನೇ ಬರುತ್ತೇನೆ. ನಿಮ್ಮ ಜನ ಕಾಫಿ ಕುಡಿದು ಮುಗಿಸುವುದರೊಳಗೆ ಸರ್ವರ್ ಎದ್ದಿರಬೇಕು. ಏಳದಿದ್ದರೆ ಮಾತಿಲ್ಲ" ಎಂದರು. ಒಂದು ವರ್ಷದ ಗಡುವು ಸಿಕ್ಕಿತು.

ಅವರು ಹೋದ ಮೇಲೆ ರಾಜಶೇಖರಯ್ಯನವರು ಸುಲಭದ ದಾರಿ ಹೇಳಿದರು. "ತಮ್ಮಯ್ಯನಿಗೆ ಸರ್ವರ್ ಕೋಣೆಯ ಬೀಗದ ಕೈ ಕೊಡೋದು ಬೇಡ. ಪೂಜೆಗೆ ಮುಂಚೆ ಎಲ್ರೂ ಸೇವ್ ಮಾಡ್ಲಿ, ನೀನು ಕ್ರಮವಾಗಿ ಮುಚ್ಚಿಬಿಡು. ಬೆಳಗ್ಗೆ ತಕ್ಷಣ ಏಳತ್ತೆ."

ನನಗೆ ರೇಗಿತು. "ಸರ್, ತಮ್ಮಯ್ಯ ಹಾರ ಹಾಕಿ ಕೈಮುಗಿದು ಆರಿಸ್ತಾನೆ. ಸಿಡಿಲು ಕೈಮುಗಿದು ಬರಲ್ಲ. ಇಲಿ ವೈರು ಕಡೀವಾಗ ನಮ್ಮನ್ನ ಕೇಳಲ್ಲ. ತಮ್ಮಯ್ಯನ ಕೈಗೆ ಬಿದ್ದು ಏಳದಿರೋ ಸರ್ವರ್ ಇನ್ಯಾವುದಕ್ಕೆ ಬಿದ್ದು ಏಳತ್ತೆ? ಅವನು ಆರಿಸ್ಲಿ. ಜನ ಚಿತ್ರ ತೆರೆದೇ ಇಡ್ಲಿ. ನಾನು ಎಬ್ಬಿಸ್ತೀನಿ."

"ಎಂಗಮ್ಮ?" ಎಂದರು ಅವರು. ಆತಂಕವಾದಾಗ ಅವರ ಬಾಯಲ್ಲಿ ಹಳ್ಳಿಯ ಮಾತು ಬರುತ್ತಿತ್ತು.

"ಬೀಳಿಸಿ ಬೀಳಿಸಿ" ಎಂದೆ.

ಮೂಲೆಯಲ್ಲಿದ್ದ ಇನ್ನೊಂದು ಹಳೆಯ ಸರ್ವರಿಗೆ ಎಲ್ಲವನ್ನೂ ನಕಲು ಮಾಡಿಕೊಂಡೆ. ಪ್ರತಿ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಇಬ್ಬರು ಮೂವರು ಡಿಸೈನರ್‌ಗಳನ್ನು ಕೂರಿಸಿ ಅದರ ಮೇಲೆ ಕೆಲಸ ಮಾಡಿಸುವುದು, ಹೇಳದೆ ಕೇಳದೆ ಪ್ಲಗ್ ಕೀಳುವುದು. ಮೊದಲ ಸಲ ಕೀಳುವಾಗ ನನ್ನ ಕೈ ನಡುಗಿತು. ಕೆಲವು ವಾರಗಳಲ್ಲಿ ಸೊಪ್ಪು ಕಿತ್ತಷ್ಟು ಸಲೀಸಾಯಿತು. ಡೇಟಾಬೇಸ್ ಮಾಡಿದ ಕಂಪನಿ ಅಷ್ಟು ಹೊತ್ತಿಗೆ ಬಾಗಿಲು ಹಾಕಿತ್ತು. ಹಾಕುವ ಮೊದಲು ಅದರ ಒಳಗಿನ ಪ್ರೋಗ್ರಾಮನ್ನೆಲ್ಲ ನಮಗೆ ಒಪ್ಪಿಸಿ ಹೋಗಿತ್ತು. ಹಾಗಾಗಿ ಬಿಚ್ಚಿ ನೋಡಲು, ತಿದ್ದಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸಹಾಯಕ್ಕೂ ಯಾರೂ ಇರಲಿಲ್ಲ.

ಬೀಳಿಸಿದಾಗ ಮೊದಲು ಕಲಿತದ್ದು, ನಾನು ಅಂದುಕೊಂಡಲ್ಲಿ ಹೊತ್ತು ಹೋಗುತ್ತಿರಲಿಲ್ಲ ಎಂಬುದು. ಲಾಗ್ ಓದುವುದೇ ಭಾರ ಎಂದು ನಂಬಿದ್ದೆ. ನೋಡಿದರೆ, ಓದಿದ ಪ್ರತಿ ಬದಲಾವಣೆಗೂ ಸರ್ವರ್ ಡಿಸ್ಕಿಗೆ ಓಡಿ ಆ ಪುಟವನ್ನು ಎತ್ತಿ ತರುತ್ತಿತ್ತು. ಬಹಳಷ್ಟು ಪುಟಗಳು ಆಗಲೇ ಸರಿಯಾಗಿಯೇ ಇರುತ್ತಿದ್ದವು. ಸರಿ ಇದೆಯೋ ಇಲ್ಲವೋ ಎಂದು ನೋಡಲಿಕ್ಕೇ ಅಷ್ಟು ಓಡಾಟ. ಚೆಕ್‌ಪಾಯಿಂಟ್ ಹಾಕುವಾಗಲೇ ಯಾವ ಪುಟಗಳು ಇನ್ನೂ ಜಾಗ ಸೇರಿಲ್ಲ ಎಂದು ಗುರುತಿಸಿಟ್ಟರೆ ಉಳಿದವನ್ನು ಮುಟ್ಟುವುದೇ ಬೇಡ. ಗುರುತು ಮಾತ್ರ ಹಾಕುವುದರಿಂದ ಯಾರನ್ನೂ ನಿಲ್ಲಿಸಬೇಕಾಗಿಯೂ ಇಲ್ಲ. ಹೀಗೆ ರಾಜಶೇಖರಯ್ಯನವರಿಗೆ ಅವರ ವೇಗ ಉಳಿಯಿತು, ನನಗೆ ನನ್ನ ಚೆಕ್‌ಪಾಯಿಂಟ್ ಮರಳಿತು.

ಆಮೇಲೆ ಇಡೀ ಪುಟ ಬರೆಯುವ ಚಾಳಿ ಬಿಡಿಸಿದೆವು. ಡಿಸೈನರ್‌ನ ಕಂಪ್ಯೂಟರೇ ಹಳೆಯ ಪುಟವನ್ನೂ ಹೊಸ ಪುಟವನ್ನೂ ಹೋಲಿಸಿ ಬದಲಾದಷ್ಟನ್ನೇ ಕಳಿಸುವಂತೆ ಮಾಡಿದೆವು. ಹೋಲಿಸುವ ದುಡಿಮೆ ಮೇಜುಗಳಿಗೆ ಹಂಚಿಹೋಯಿತು, ಲಾಗ್ ಸಣ್ಣದಾಯಿತು. ಶನಿವಾರದಿಂದ ಶನಿವಾರಕ್ಕೆ ಏಳುವ ಹೊತ್ತು ಇಳಿಯತೊಡಗಿತು.

ಆದರೂ ಒಂದು ಕಡೆ ಸಿಕ್ಕಿಕೊಂಡೆ, ಅದು ಸಾವಿತ್ರಿಯ ಮೇಜಿನಲ್ಲಿ. ಅವಳು ಬೆಳಗ್ಗೆ ಕೆಲಸ ತೆರೆದರೆ ಸೇವ್ ಮಾಡುತ್ತಿದ್ದದ್ದು ಸಂಜೆ ಹೊರಡುವಾಗ. ಅಷ್ಟರಲ್ಲಿ ಅವಳ ಕಂಪ್ಯೂಟರ್ ತುಂಬಿ, ಮುಗಿಯದ ಪುಟಗಳು ಸರ್ವರಿಗೆ ಹರಿದಿರುತ್ತಿದ್ದವು. ಬಿದ್ದಾಗ ಅವನ್ನೆಲ್ಲ ಹುಡುಕಿ ಅಳಿಸಬೇಕು. ಇಡೀ ಹಾಲ್‌ನ ಕೆಲಸ ಅಳಿಸುವಷ್ಟೇ ಹೊತ್ತು ಅವಳೊಬ್ಬಳದಕ್ಕೆ ಬೇಕಾಗುತ್ತಿತ್ತು.

"ನಡುನಡುವೆ ಸೇವ್ ಒತ್ತಬಾರ್ದಾ ತಾಯಿ?" ಎಂದೆ.

"ಅರ್ಧ ಬೆಂದ ಅನ್ನ ಎಲೆಗೆ ಬಡಿಸೋಕಾಗತ್ತಾ? ನಾನು ಸೇವ್ ಮಾಡಿದ ತಕ್ಷಣ ಪಕ್ಕದ ಮೇಜಿನೋರು ನನ್ನ ಕ್ಯಾಮ್ ಎತ್ಕೊಂಡು ಗೇರು ಕೂರಿಸಿಬಿಡ್ತಾರೆ. ತಪ್ಪು ಯಾರ ತಲೆಗೆ?"

"ಹಾಗಂತ ದಿನವಿಡೀ ಹೊಟ್ಟೇಲಿಟ್ಕೊಂಡು ಕೂತ್ರೆ ಹೇಗೆ?"

"ನಿನ್ನ ಸರ್ವರಿಗೋಸ್ಕರ ನನ್ನ ಕೆಲಸ ಕೆಡಿಸ್ಕೊಳ್ಳಲ್ಲ ಕಣೇ. ಬೇಕಾದ್ರೆ ನಿನ್ನ ಸರ್ವರನ್ನ ಬದಲಾಯಿಸ್ಕೋ."

ಎರಡು ದಿನ ನಾವಿಬ್ಬರೂ ಮಾತಾಡಲಿಲ್ಲ. ಕ್ಯಾಂಟೀನಿನಲ್ಲಿ ಬೆನ್ನು ಹಾಕಿಕೊಂಡು ಕೂತೆವು. ಮೂರನೆಯ ದಿನ ನನಗೆ ಅವಳದೇ ಸರಿ ಎನಿಸಿತು. ಮನುಷ್ಯರು ಕೆಲಸ ಮಾಡುವ ರೀತಿಗೆ ಡೇಟಾಬೇಸ್ ಒಗ್ಗಬೇಕೇ ಹೊರತು ಅವರನ್ನು ತಿದ್ದಲು ಹೋಗಬಾರದು. ಪ್ರತಿ ಡಿಸೈನರಿಗೂ ಸರ್ವರಿನಲ್ಲಿ ಒಂದೊಂದು ಸ್ವಂತ ಗೂಡು ಮಾಡಿದೆ. ಅರ್ಧ ಕೆಲಸ ತಾನಾಗಿಯೇ ಆ ಗೂಡಿಗೆ ಸೇರಿ ಭದ್ರವಾಗುತ್ತಿತ್ತು. ಅವರಾಗಿ ಸೇವ್ ಒತ್ತುವವರೆಗೆ ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಬಿದ್ದರೆ ಅಳಿಸುವ ಕೆಲಸ ಸೇವ್ ಆಗುವ ನಡುವೆ ಸಿಕ್ಕಿಬಿದ್ದ ನಾಲ್ಕಾರು ಬದಲಾವಣೆಗಳಿಗೆ ಇಳಿಯಿತು, ಅರ್ಧ ಬರೆದ ಚಿತ್ರವೂ ಬಹುಪಾಲು ಉಳಿಯಿತು. ಸಾವಿತ್ರಿ ಮೂರು ಶನಿವಾರ ಅನುಮಾನದಿಂದಲೇ ಪರೀಕ್ಷಿಸಿ, ನಾಲ್ಕನೆಯ ಶನಿವಾರ ನನಗೆ ಮನೆಯಿಂದ ಹೋಳಿಗೆ ತಂದಳು.

ಇಷ್ಟಾದ ಮೇಲೆ ಇನ್ನೊಂದು ಯೋಚನೆ ಬಂತು. ನಮ್ಮೂರಿನಲ್ಲಿ ಕರೆಂಟು ಒಂದೇ ಸಲ ಬರುವುದಿಲ್ಲ. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಸರ್ವರ್ ಏಳುತ್ತಿರುವಾಗಲೇ ಮತ್ತೆ ಬಿದ್ದರೆ? ಏಳುವ ನಡುವೆ ಪ್ಲಗ್ ಕಿತ್ತು ನೋಡಿದೆ. ಎದ್ದಿತು. ಆದರೆ ಒಂದು ಶಾಫ್ಟಿನ ಅಳತೆ ತಪ್ಪಾಗಿತ್ತು. ಮೊದಲ ಸಲ ಅಳಿಸಿದ್ದನ್ನು ಎರಡನೆಯ ಸಲ ಮತ್ತೆ ಅಳಿಸಿತ್ತು. ಏಳದ ಸರ್ವರಿಗಿಂತ ತಪ್ಪಾಗಿ ಎದ್ದ ಸರ್ವರ್ ಅಪಾಯ. ಅಂಥ ಶಾಫ್ಟು ಮಗ್ಗದೊಳಗೆ ಹೋದರೆ ಯಾರದೋ ಕೈ ಹೋಗುತ್ತದೆ. ಅಳಿಸುವುದನ್ನೂ ಒಂದು ಕೆಲಸವೆಂದು ಲಾಗಿಗೆ ಬರೆಯುವಂತೆ ತಿದ್ದಿದೆ. ಏಳುವಾಗ ಒಂದು ಸಲ, ಎರಡು ಸಲ, ಬೇಕೆಂದಲ್ಲೆಲ್ಲ ಬೀಳಿಸಿ, ಪ್ರತಿ ಸಲವೂ ಎಲ್ಲ ಅಳತೆಗಳನ್ನೂ ಹೋಲಿಸಿ ನೋಡಿದೆ. ದಸರೆಗೆ ದೀಪ ಕಟ್ಟಲು ಶುರುಮಾಡುವ ಹೊತ್ತಿಗೆ ಹೋಲಿಕೆ ತಪ್ಪದೆ ಬರತೊಡಗಿತು.

ಆಯುಧಪೂಜೆ ಬಂತು. ಎಲ್ಲರೂ ಚಿತ್ರ ತೆರೆದಿಟ್ಟರು. ತಮ್ಮಯ್ಯ ಹಾರ ಹಾಕಿದ, ಕುಂಕುಮ ಹಚ್ಚಿದ. ಸ್ವಿಚ್ಚಿನ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದ.

"ಆರಿಸ್ಲಾ ಅವ್ವ? ಓದ್ಸಲ ನಿಮ್ಗೆಲ್ಲ ನನ್ನಿಂದ ತೊಂದ್ರೆ ಆಯ್ತು."

"ಆರಿಸು ತಮ್ಮಯ್ಯ. ಮಲಗ್ಲಿ" ಎಂದೆ.

ವಿಜಯದಶಮಿಯ ಬೆಳಗ್ಗೆ ಕಾಳೆ ಸಾಹೇಬರು ಹೇಳಿದಂತೆ ಬಂದರು. ಹಾಲ್‌ನಲ್ಲಿ ಎಲ್ಲರ ಕೈಗೂ ತಮ್ಮಯ್ಯನೇ ಕಾಫಿ ಲೋಟ ಕೊಟ್ಟ. ಸರ್ವರ್ ಕೋಣೆಯ ಬಾಗಿಲು ತೆರೆದೇ ಇತ್ತು, ಒಳಗೆ ನಾನು ಮತ್ತು ಸಾಹೇಬರು. ಸರ್ವರ್ ಹಾಕಿದೆ. ಲಾಗ್ ಓದಲು ಶುರುವಾಯಿತು. ಸಲೀಸಾಗಿ ಸಾಗುತ್ತಿತ್ತು. ಅಷ್ಟರಲ್ಲಿ ಸಾಹೇಬರು ಕೈ ಚಾಚಿ, ನಿಧಾನವಾಗಿ, ಸರ್ವರಿನ ಗುಂಡಿ ಒತ್ತಿ ಆರಿಸಿಬಿಟ್ಟರು.

"ಈಗ?" ಎಂದರು.

ಭಯವಾಯಿತು. ಶನಿವಾರಗಳಲ್ಲಿ ಬೀಳಿಸಿದ್ದು ಹಳೆಯ ಸರ್ವರನ್ನು. ಇದು ಅಸಲಿ, ಇದರ ಮೇಲೆ ಇಡೀ ಹಾಲ್‌ನ ಅನ್ನವಿತ್ತು. ಹಾಗಿದ್ದೂ, "ಈಗ ಮತ್ತೆ ಏಳುತ್ತದೆ ಸಾಹೇಬರೇ" ಎಂದು ಗುಂಡಿ ಒತ್ತಿದೆ.

ಹೊರಗೆ ತಿರುಗಿ ನೋಡಿದರೆ ಇಡೀ ಹಾಲ್ ಲೋಟ ಹಿಡಿದು ಗೊಂಬೆಗಳಂತೆ ನಿಂತಿತ್ತು. ಒಬ್ಬರೂ ಕಾಫಿ ಕುಡಿಯುತ್ತಿರಲಿಲ್ಲ. ಕುಡಿದು ಮುಗಿಸುವುದರೊಳಗೆ ಏಳಬೇಕು ಎಂಬುದು ತಾನೆ ಷರತ್ತು? ಅದಕ್ಕೆ ಎಲ್ಲರೂ ನನಗಾಗಿ ಕಾಫಿ ಆರಿಸಿಕೊಳ್ಳುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ. ಕೆನೆ ಕಟ್ಟಿದ ಲೋಟವನ್ನು ಸಾಹೇಬರು ನೋಡಿದಾಗ ತಮ್ಮಯ್ಯ, "ಬಿಸಿ ಜಾಸ್ತಿ ಆಯ್ತು ಸಾಮಿ" ಎಂದು ತನ್ನ ಲೋಟ ಊದಿಕೊಂಡ.

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಮುಂದಾಯಿತು. "ಯಾಕ್ರೀ ಹಿಡ್ಕೊಂಡು ನಿಂತಿದೀರಾ? ಕುಡೀರಿ. ನಿಮ್ಮ ಕರುಣೆಯಿಂದ ಏಳೋ ಸರ್ವರ್ ನಂಗೆ ಬೇಡ" ಎಂದು ಅಲ್ಲಿಂದಲೇ ಕೂಗಿದೆ.

ಯಾರೂ ಅಲುಗಾಡಲಿಲ್ಲ. ಸಾವಿತ್ರಿ ಒಬ್ಬಳು ನನ್ನನ್ನೇ ನೋಡಿದಳು. ಲೋಟ ಎತ್ತಿ ಗಟಗಟನೆ ಕುಡಿದು, ಖಾಲಿ ಲೋಟವನ್ನು ಮೇಜಿನ ಮೇಲೆ ಎಲ್ಲರಿಗೂ ಕೇಳಿಸುವಂತೆ ಬೋರಲು ಹಾಕಿ, ತನ್ನ ಜಾಗಕ್ಕೆ ಹೋಗಿ ಕುಳಿತಳು. ಹಿಂದಿನ ವರ್ಷ ಗೆರೆ ಎಳೆಯದೆ ಹೋದವಳು ಅವಳು. ಅವಳು ಕುಡಿದ ಮೇಲೆ ಒಬ್ಬೊಬ್ಬರಾಗಿ ಉಳಿದವರೂ ಕುಡಿದರು. ತಮ್ಮಯ್ಯನ ಲೋಟ ಇನ್ನೂ ಅರ್ಧ ಇರುವಾಗಲೇ ಸಾವಿತ್ರಿಯ ಪರದೆ ಬೆಳಗಿತು.

ಅವಳ ಕ್ಯಾಮ್ ಅರ್ಧ ಬರೆದಲ್ಲೇ ನಿಂತಿತ್ತು. ಕನ್ನಡಕ ಒರೆಸಿಕೊಂಡು, ಅಳತೆಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದಳು. ಸಾಹೇಬರೂ ಅವಳ ಹಿಂದೆ ನಿಂತು ನೋಡಿದರು. ಆಮೇಲೆ ಅವಳು ಒಂದು ಗೆರೆ ಎಳೆದಳು. ಹಾಲ್‌ನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ತಮ್ಮ ತಮ್ಮ ಮೇಜಿಗೆ ಓಡಿ ಗೆರೆ ಎಳೆದು, ರಸ್ತೆ ಬಂದ್ ಆಗುವ ಮೊದಲು ಹೊರಟರು. ಕಾಳೆ ಸಾಹೇಬರು ರಾಜಶೇಖರಯ್ಯನವರ ಕೈ ಕುಲುಕಿ, ಮಾತು ಬೆಳೆಸದೆ, ಆನೆ ನೋಡಲು ಜಾಗ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಪುಣೆಯ ಮಾತು ಮತ್ತೆ ಬರಲಿಲ್ಲ. ಹಾಲ್ ಇವತ್ತಿಗೂ ಮೈಸೂರಿನಲ್ಲೇ ಇದೆ.

ಅಲ್ಲಿಂದ ನನ್ನ ನಿವೃತ್ತಿಯವರೆಗೆ ಪ್ರತಿ ಆಯುಧಪೂಜೆಗೂ ತಮ್ಮಯ್ಯ, ಅವನ ನಂತರ ಬಂದವರು, ಸರ್ವರ್ ಆರಿಸಿದರು. ಸರ್ವರ್‌ಗಳು ಬದಲಾದವು, ಡಿಸ್ಕಿನ ಜಾಗಕ್ಕೆ ಬೇರೆ ವಸ್ತು ಬಂತು, ಆಬ್ಜೆಕ್ಟ್ ಡೇಟಾಬೇಸ್‌ಗಳನ್ನು ಜಗತ್ತು ಮರೆಯಿತು. ನಮ್ಮದು ನಾನಿರುವವರೆಗೂ ಬಿದ್ದು ಏಳುತ್ತಲೇ ಇತ್ತು. ನಾನು ನಿವೃತ್ತಳಾಗಿ ಬಂದ ಮೇಲೆ ಅದನ್ನೂ ಬಿಟ್ಟು, ಎಲ್ಲವನ್ನೂ ಎಲ್ಲೋ ದೂರದ ಬಾಡಿಗೆಯ ಕಂಪ್ಯೂಟರುಗಳಿಗೆ ಸಾಗಿಸಿದರು.

ಈಗ ಆ ಕೆಲಸ ನೋಡಿಕೊಳ್ಳುವ ನಯನಾ ಎಂಬ ಇಂಜಿನಿಯರ್ ಹಿಂದಿನ ತಿಂಗಳು ನನ್ನನ್ನು ಹಾಲ್‌ಗೆ ಕರೆದು ಹೊಸಬರಿಗೆ ನಾಲ್ಕು ಮಾತು ಹೇಳಿಸಿದಳು. ಕೊನೆಯಲ್ಲಿ ನಾನು ಅವಳನ್ನೇ ಕೇಳಿದೆ. "ನಿಮ್ಮ ಹೊಸ ವ್ಯವಸ್ಥೆ ಬಿದ್ರೆ ಏಳತ್ತಾ?"

"ಅದು ಬೀಳಲ್ಲ ಮೇಡಂ. ಮೂರು ಊರಲ್ಲಿ ನಕಲು ಇದೆ" ಎಂದಳು.

"ನೀನು ಬೀಳಿಸಿ ನೋಡಿದೀಯಾ?"

ಹುಡುಗಿಯ ಮುಖ ಸ್ವಲ್ಪ ಕೆಂಪಾಯಿತು. ಮನಸ್ಸಿಗೆ ಹಚ್ಚಿಕೊಂಡಳು ಎಂದು ನನಗೆ ಖುಷಿಯಾಯಿತು. ಆಮೇಲೆ ಬಾಗಿಲವರೆಗೆ ಬಂದು, "ಪರೀಕ್ಷೆಗೆ ಒಂದು ನಕಲು ಮಾಡ್ತೀನಿ ಮೇಡಂ. ಶನಿವಾರ ಬಂದು ನೀವೇ ಆರಿಸಿ" ಎಂದಳು.

"ನಾನ್ಯಾಕೆ? ನಿನ್ನ ಕೈ ನಡುಗಬೇಕು, ನೀನೇ ಆರಿಸು" ಎಂದು ಬಂದುಬಿಟ್ಟೆ.

ಶನಿವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಅವಳ ದನಿಯಲ್ಲಿ ಭಯವಿತ್ತು, ಆದರೆ ಅಳುವಿರಲಿಲ್ಲ.

"ಮೇಡಂ, ಬೀಳಿಸ್ದೆ. ಮಧ್ಯಾಹ್ನದಿಂದ ಕಾಯ್ತಾ ಇದೀನಿ, ಎದ್ದಿಲ್ಲ."

"ಒಳ್ಳೇದಾಯ್ತು ಕಣಮ್ಮ" ಎಂದೆ. "ಇವತ್ತೇ ಗೊತ್ತಾಯ್ತಲ್ಲ. ವಿಜಯದಶಮಿಗೆ ಇನ್ನೂ ಟೈಮಿದೆ."